ಮೀನಿನ ವೆಬ್‌ಸೈಟಿನ ತಿಥಿ

ಹರಿಣಾಕ್ಷಿ ಕಳಿಸಿದ ಅಂಜಲ್ ಮೀನು ಸಂಕಷ್ಟಿಯ ದಿನ ಬ್ರಹ್ಮಾವರದ ಮನೆಯೊಂದರ ಬಾಗಿಲಿನಿಂದಲೇ ವಾಪಸು ಬಂದದ್ದು ಮಧುಸೂದನನ ಗ್ರಹಚಾರಕ್ಕೆ ಮೂಲವಾಯಿತು.

ಗಂಗೊಳ್ಳಿಯ ಹರಿಣಾಕ್ಷಿಯದು ಮನೆಬಾಗಿಲಿಗೆ ಮೀನು ಕಳಿಸುವ ವ್ಯಾಪಾರ. ಅವಳ ವೆಬ್‌ಸೈಟು ಕಟ್ಟಿಕೊಟ್ಟವನು ಕುಂದಾಪುರದ ಪುಟ್ಟ ಕಚೇರಿಯೊಂದರ ಮಧುಸೂದನ ಅಡಿಗ. ಹುಟ್ಟಿದಾರಭ್ಯ ಮೀನು ಮುಟ್ಟದ, ಸಾಲಿಗ್ರಾಮದ ಅರ್ಚಕರ ಮಗ. ಅದಾಗಿ ಆರನೆಯ ದಿನ ಬೆಳಿಗ್ಗೆಯೇ ಬಂದು ಅವನೆದುರು ಕುಳಿತ ಹರಿಣಾಕ್ಷಿ ಹೇಳಿದಳು:

"ಅಡಿಗ್ರೆ, ದಿನ ಆರ್ಸುವಲ್ಲಿ ತಿಥಿಯೂ ಕಾಣ್ಕ್. ಜನಕ್ಕೆ ಗೊತ್ತಾರೆ ಆ ದಿನ ಮೀನಿನ್ ಆರ್ಡರ್ ಕೊಡುದಿಲ್ಲ. ಸಂಜಿಯೊಳ್ಗೆ ಆಯ್ಕ್."

ಸಂಜೆಯೊಳಗೆ ತಿಥಿ ಕಾಣದಿದ್ದರೆ ಬೇರೆ ಕಚೇರಿ ನೋಡಿಕೊಳ್ಳುತ್ತೇನೆ ಎಂದು ಅವಳು ಕಚೇರಿಯ ಮಾಲೀಕ ಗೋವರ್ಧನನಿಗೆ ಹೇಳಿದಳು. ಹಾಗಾದರೆ ನೀನೂ ಬೇರೆ ಕಚೇರಿ ನೋಡಿಕೋ ಎಂದು ಗೋವರ್ಧನ ಮಧುಸೂದನನಿಗೆ ಹೇಳಿದ.

ಸೈಟು ನಿಂತಿದ್ದ ಫ್ರೇಮ್‌ವರ್ಕ್ ಎಂಬ ಚೌಕಟ್ಟಿನಲ್ಲಿ ಗುಂಡಿ, ಚೌಕ, ದಿನಾಂಕದ ಪೆಟ್ಟಿಗೆ ಎಲ್ಲವೂ ಸಿದ್ಧ ವಿಜೆಟ್‌ಗಳಾಗಿ ಸಿಗುತ್ತಿದ್ದವು. ಆದರೆ ಆ ಪೆಟ್ಟಿಗೆಗೆ ಇಂಗ್ಲಿಷ್ ತಾರೀಕು ಬಿಟ್ಟರೆ ಬೇರೇನೂ ತಿಳಿಯದು. ಯಾರೋ ಪುಣ್ಯಾತ್ಮ ಬರೆದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಿದ್ದ ಪಂಚಾಂಗದ ಲೈಬ್ರರಿಯೊಂದನ್ನು, ಅಂದರೆ ತಿಥಿಯ ಲೆಕ್ಕ ಹಾಕುವ ಕೋಡನ್ನು, ಮಧುಸೂದನ ಅದಕ್ಕೆ ಜೋಡಿಸಿದ. ಎರಡೂ ಒಂದೇ ಗೂಟಕ್ಕೆ ಕಟ್ಟಿದ ಕೋಣಗಳಂತೆ ಕಿತ್ತಾಡಿದವು. ದಿನಾಂಕ ಒತ್ತಿದರೆ ಎರಡು ಕ್ಯಾಲೆಂಡರು ಒಂದರ ಮೇಲೊಂದು ಬಿದ್ದವು.

ಕೆಳಗಿನದನ್ನು ಅಡಗಿಸಿಬಿಡು ಎಂದಳು ಪಕ್ಕದ ಮೇಜಿನ ದಿವ್ಯಾ. ಅಡಗಿಸಿದ. ಜೊತೆಗೆ ಬಂಗುಡೆಯ ಚಿತ್ರಗಳೂ ಅಡಗಿದವು. ಸುಮ್ಮನೆ ಕೂರಲಾರದ ಗೋವರ್ಧನ ಫ್ರೇಮ್‌ವರ್ಕಿನ ಹೊಸ ಆವೃತ್ತಿ ಹಾಕಿದ. ಆರ್ಡರ್ ಕೊಡುವ ಗುಂಡಿಯೇ ಮಾಯವಾಯಿತು. ಹೇಗೋ ಎಲ್ಲವನ್ನೂ ಹಿಂದಕ್ಕೆ ತಂದರೆ, ಶುಕ್ರವಾರಕ್ಕೆ ಹೇಳಿದ ಮೀನು ಗುರುವಾರಕ್ಕೆ ಹೋಗಿ ಕುಳಿತಿತು. "ಆಯ್ತಾ ಅಡಿಗ್ರೆ?" ಎಂದು ಬೆಳಿಗ್ಗೆಯಿಂದ ಅಲ್ಲೇ ಕುಳಿತಿದ್ದ ಹರಿಣಾಕ್ಷಿ ಕೇಳಿದಳು. ಅವನು ಕೀಬೋರ್ಡಿನ ಮೇಲೆ ತಲೆಯಿಟ್ಟ.

ಹಾಗೆ ತಲೆಯಿಟ್ಟಾಗಲೇ ಹೊಳೆದದ್ದು: ಇವೆರಡನ್ನೂ ನೇರವಾಗಿ ಕಟ್ಟುವುದೇ ತಪ್ಪು. ಫ್ರೇಮ್‌ವರ್ಕಿನ ಪೆಟ್ಟಿಗೆಯನ್ನೇ ವಿಸ್ತರಿಸಿ, ಅದರ ಮಾತನ್ನು ಇದಕ್ಕೂ ಇದರ ಮಾತನ್ನು ಅದಕ್ಕೂ ತಿಳಿಸುವ ದುಭಾಷಿಯೊಂದನ್ನು ನಡುವೆ ಕೂರಿಸಬೇಕು. ಊಟ ಬಿಟ್ಟು ಬರೆದ. ಸಂಜೆಗೆ ತಿಥಿ ಕಂಡಿತು, ಶುಕ್ರವಾರದ ಮೀನು ಶುಕ್ರವಾರಕ್ಕೇ ಬಿತ್ತು. ಹಿಗ್ಗಿನಲ್ಲಿ ಅವನು ಸೈಟಿನ ಲಿಂಕನ್ನು ಮನೆಯವರ ವಾಟ್ಸಾಪ್ ಗುಂಪಿಗೂ ಹಾಕಿದ.

ದೀಪ ಹಚ್ಚುವ ಹೊತ್ತಿಗೆ ಸೈಟಿಗೆ ಬರುವವರ ಸಂಖ್ಯೆ ಉಬ್ಬರದ ನೀರಿನಂತೆ ಏರುತ್ತಿತ್ತು. ಗೋವರ್ಧನ ಎಲ್ಲರಿಗೂ ಗೋಳಿಬಜೆ ತರಿಸಿದ. ಆದರೆ ಆರ್ಡರ್ ಒಂದೂ ಇಲ್ಲ. ಹರಿಣಾಕ್ಷಿ ಹಳೆಯ ಗಿರಾಕಿಗಳಿಗೆ ಫೋನ್ ಮಾಡಿದರೆ, ನಾಳೆ ಏಕಾದಶಿ, ಆಚೆಗೆ ಪ್ರದೋಷ ಎಂದು ಇಷ್ಟು ದಿನ ಅವರಿಗೇ ಗೊತ್ತಿರದಿದ್ದ ವ್ರತಗಳನ್ನೆಲ್ಲ ಹೇಳಿದರು.

"ಬಂದವ್ರೆಲ್ಲ ತಿಥಿ ಕಂಡ್ಕಂಡ್ ಹೋತಿದ್ರ್," ಎಂದಳು ಅವಳು. "ನಂಗೆ ಈ ಪಂಚಾಂಗ ಬ್ಯಾಡ. ಈಗ್ಳೇ ತೆಗ್ದ್ ಬಿಡಿ."

ತೆಗೆಯದಿದ್ದರೆ ನಾಳೆ ಬರಬೇಡ ಎಂದ ಗೋವರ್ಧನ. ತೆಗೆಯಲು ಹೊರಟರೆ, ಮೀನಿಗೆ ಆರ್ಡರ್ ಕೊಡುವ ಪುಟವಿಡೀ ಆ ದುಭಾಷಿಯ ಮೇಲೇ ನಿಂತಿತ್ತು. ಅದನ್ನು ಎಳೆದದ್ದೇ ಪುಟ ಕಳಚಿ ಬಿತ್ತು, ಉಳಿದದ್ದು ಮೀನಿನ ಚಿತ್ರಗಳಷ್ಟೇ.

ಅಷ್ಟರಲ್ಲಿ ಊರಿನಿಂದ ಅಪ್ಪ ಮಹಾಲಿಂಗ ಅಡಿಗರ ಫೋನ್ ಬಂತು.

"ಮಾಣಿ, ಪಂಚಾಂಗ ಲಾಯ್ಕಿತ್ತ್. ದೇವಸ್ಥಾನದವ್ರಿಗೆಲ್ಲ ಕಳ್ಸಿದೆ, ಎಲ್ಲರೂ ಅದನ್ನೇ ಕಾಂತಿದ್ರ್. ಈಗ ಎಂತಕೋ ತಿಥಿ ಕಾಂತಿಲ್ಲ, ಬರೀ ಮೀನೇ ಕಾಂತತ್. ಮೊದ್ಲಿನ ಹಾಂಗೆ ಮಾಡ್. ಹಾಂಗೇ ಆ ಮೀನಿನ್ ಚಿತ್ರ ಒಂದ್ ತೆಗ್ದ್ ಬಿಡ್, ಮಡಿ ಉಟ್ಕಂಡ್ ಕಾಂಬುಕ್ ಆತಿಲ್ಲ."