ಹದಿನೆಂಟು ಪ್ರಶ್ನೆಗಳ ಕೋಪ

ಜನರ ಕೋಪ ಅಳೆಯಲು ಹೊರಟವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನನಗೆ ಸ್ವಲ್ಪ ಜಾಸ್ತಿಯೇ ಆಗಿದೆ. ಪಿಎಚ್‌ಡಿಗಾಗಿ ಹದಿನೆಂಟು ಪ್ರಶ್ನೆಗಳ ಫಾರಂ ತಯಾರಿಸಿದ್ದೆ. 'ಯಾವಾಗಲೂ', 'ಆಗಾಗ', 'ಅಪರೂಪಕ್ಕೆ', 'ಎಂದೂ ಇಲ್ಲ' ಇವುಗಳಲ್ಲಿ ಒಂದಕ್ಕೆ ಟಿಕ್ ಹಾಕಬೇಕು. ಹದಿನೈದು ದಿನ ಬಿಟ್ಟು ಅದೇ ಜನ ಇನ್ನೊಮ್ಮೆ ತುಂಬಬೇಕು. ಎರಡು ಸಲದ ಉತ್ತರಗಳು ಹೆಚ್ಚುಕಡಿಮೆ ಹೊಂದಿದರೆ ಫಾರಂ ನಂಬಬಹುದು. ಹೊಂದದಿದ್ದರೆ ಥೀಸಿಸ್ ಆಸೆ ಬಿಡಬೇಕು.

೧. ವಕೀಲರ ಸಲಹೆ

ಹೇರೋಹಳ್ಳಿಯ ಹಿರಿಯರೊಬ್ಬರು ಕಾಫಿ ಕೊಟ್ಟರು, ಫಾರಂ ಮಾತ್ರ ಮುಟ್ಟಲಿಲ್ಲ.

"ಇಲ್ಲೇ ಇಟ್ಟೋಗಮ್ಮ, ನಮ್ ಲಾಯರ್‌ಗೆ ತೋರಿಸ್ತೀನಿ."

ಹಿಂದೆ ಜಮೀನಿನ ಪತ್ರಕ್ಕೆ ಓದದೆ ಸಹಿ ಹಾಕಿ ಕೈ ಸುಟ್ಟುಕೊಂಡವರು, ತಪ್ಪು ಹೇಳುವಂತಿಲ್ಲ. ವಾರ ಬಿಟ್ಟು ಹೋದೆ. ಹದಿನೆಂಟಕ್ಕೂ 'ಎಂದೂ ಇಲ್ಲ'.

"ನಿಮಗೆ ಕೋಪಾನೇ ಬರಲ್ವಾ ಸಾರ್?"

"ಬರದೇ ಏನಮ್ಮ? ಮೊನ್ನೆ ನನ್ ತಮ್ಮನ ಮೇಲೆ ಚೇರ್ ಎತ್ತಿದ್ದೆ. ಆದ್ರೆ ಕೇಸು ಕೋರ್ಟಲ್ಲಿದೆ. ಬರವಣಿಗೇಲಿ ಏನೂ ಒಪ್ಕೋಬೇಡಿ ಅಂದ್ರು ಲಾಯರ್."

೨. ಯಜಮಾನರ ಉತ್ತರ

ಚಂದ್ರಾ ಲೇಔಟ್‌ನ ಯಜಮಾನರೊಬ್ಬರಿಗೆ ಕನ್ನಡಕ ಸಿಗಲಿಲ್ಲ. ಪ್ರಶ್ನೆಗಳನ್ನು ನಾನೇ ಓದಿದೆ.

"ಸಣ್ಣ ವಿಷಯಕ್ಕೂ ನನಗೆ ಸಿಟ್ಟು ಬರುತ್ತದೆ."

"ಅಪರೂಪಕ್ಕೆ" ಎಂದರು ಅವರು.

"ಯಾವಾಗಲೂ ಅಂತ ಹಾಕಮ್ಮ" ಎಂದರು ಅಡುಗೆಮನೆಯಿಂದ ಅವರ ಹೆಂಡತಿ.

ಆರು ಪ್ರಶ್ನೆಗಳು ಹೀಗೇ ಸಾಗಿದವು. ಏಳನೆಯದು: "ಸಿಟ್ಟು ಬಂದಾಗ ಮಾತು ನಿಲ್ಲಿಸಿಬಿಡುತ್ತೇನೆ." ಯಜಮಾನರು ಕಿಟಕಿ ನೋಡುತ್ತ ಕೂತರು. ನಾನು ಕಾದೆ. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಅವರ ಮುಖ ನೋಡಿದರು.

"ಶುರುವಾಯ್ತು. ಟಿಕ್ ಹಾಕ್ಕೊಳಮ್ಮ."

೩. ನೂರಕ್ಕೆ ನೂರು

ಉಲ್ಲಾಳದಲ್ಲಿ ಮಹಿಳೆಯರ ಯೋಗ ಗುಂಪೊಂದಿದೆ. ಮುಂದಾಳು ಒಬ್ಬ ರಿಟೈರ್ಡ್ ಟೀಚರ್ ಆಂಟಿ. ಎರಡು ಸಲವೂ ಒಬ್ಬರೂ ತಪ್ಪಿಸದೆ ತುಂಬಿಕೊಟ್ಟರು. ನಾನು ಕುಣಿದಾಡಿದೆ. ನನ್ನ ಗೈಡ್ ಮಾತ್ರ ಫಾರಂಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

"ಒಂದು ಟಿಕ್ಕೂ ಬದಲಾಗಿಲ್ಲ. ಮನುಷ್ಯರು ಹೀಗಿರಲ್ಲಮ್ಮ."

ಉಲ್ಲಾಳಕ್ಕೆ ಓಡಿದೆ. ಟೀಚರ್ ಆಂಟಿ ಹೆಮ್ಮೆಯಿಂದ ಫೋನ್ ತೋರಿಸಿದರು. ಮೊದಲ ಸಲ ಎಲ್ಲರೂ ತಮ್ಮ ಫಾರಂ ಫೋಟೊ ತೆಗೆದಿಟ್ಟುಕೊಂಡಿದ್ದರು.

"ಉತ್ತರ ಹೊಂದದೇ ಹೋದ್ರೆ ಥೀಸಿಸ್ ಹೋಗುತ್ತೆ ಅಂತ ನೀವೇ ಹೇಳಿದ್ರಲ್ಲ. ನೋಡ್ಕೊಂಡೇ ತುಂಬ್ಸಿದೆ."

ಹೇಳಿದ್ದು ನಾನೇ. ಅಲ್ಲೇ ಅಳು ಬಂತು. ಆಂಟಿ ನನಗಿಂತ ಹೆಚ್ಚು ನೊಂದುಕೊಂಡು, ಕೆಂಗೇರಿಯಲ್ಲಿ ತಮ್ಮ ತಂಗಿ ನಡೆಸುವ ಯೋಗ ಗುಂಪಿಗೆ ತಾವೇ ಫೋನ್ ಮಾಡಿದರು. ಗೈಡ್ ಇನ್ನೊಂದೇ ಅವಕಾಶ ಕೊಟ್ಟರು.

ಕೆಂಗೇರಿಯಲ್ಲಿ ಥೀಸಿಸ್ ಎಂಬ ಮಾತೇ ಎತ್ತದೆ ಫಾರಂ ಹಂಚಿದೆ. ಎರಡೇ ನಿಮಿಷಕ್ಕೆ ಎಲ್ಲವೂ ವಾಪಸ್ ಬಂದವು. ನೋಡಿದರೆ, ಮೂವತ್ತು ಜನರಿಗೂ ಒಂದೇ ಅಳತೆಯ ಕೋಪ. ಆಂಟಿಯ ತಂಗಿ ನನ್ನ ಬೆನ್ನು ತಟ್ಟಿದರು.

"ಧೈರ್ಯವಾಗಿರಮ್ಮ. ಪಾಪ, ಆ ಹುಡುಗಿ ಒಂದ್ಸಲ ಫೇಲಾಗಿದಾಳೆ ಅಂತ ನಮ್ಮಕ್ಕ ಸರಿ ಉತ್ತರ ಎಲ್ಲಾ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದಾರೆ."