ಬ್ರಹ್ಮಚಾರಿಗೆ ಇಬ್ಬರು ಸಾಕ್ಷಿ

ನಫ್ತಾಲಿ ಕಾಟ್ಸ್‌ಗೆ ಮೂವತ್ತೆಂಟಾದರೂ ಮದುವೆಯಾಗಿಲ್ಲವೆಂಬುದು ಇಸ್ರೇಲಿನ ಹೈಫಾದ ಅವನ ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನ ತಾಯಿ ಜ್ಲಾಟಾ ತಾನಾಗಿಯೇ ಹೋಗಿ ಹೇಳಿ ಬರುತ್ತಿದ್ದಳು. ಆದರೆ ಮದುವೆ ನೋಂದಾಯಿಸುವ ಯೆಹೂದಿ ಧರ್ಮಗುರು ರಬ್ಬಿಗೆ ಅಷ್ಟು ಸಾಲದು. ಹುಡುಗ ಬ್ರಹ್ಮಚಾರಿಯೆಂದು ಇಬ್ಬರು ಗಂಡಸರು ಬಂದು ಸಾಕ್ಷಿ ಹೇಳಬೇಕು.

ಅವನು ಕೈಹಿಡಿಯಲಿದ್ದ ಸ್ಮಾದಾರ್‌ಗೆ ರಬ್ಬಿಗಳ ಈ ಕಚೇರಿಯ ಹೆಸರೆತ್ತಿದರೇ ಮೈಯೆಲ್ಲ ಉರಿ. ಅವಳ ಪಂಗಡದಲ್ಲಿ ಹೆಂಗಸರೂ ರಬ್ಬಿಗಳಾಗುತ್ತಾರೆ. ಅವರು ಮಾಡಿಸಿದ ಮದುವೆಯನ್ನು ಸರ್ಕಾರ ಒಪ್ಪುವುದಿಲ್ಲ, ಜ್ಲಾಟಾ ಅಂತೂ ಅಂಥ ಮದುವೆಯತ್ತ ಕಾಲಿಡುವುದೇ ಇಲ್ಲ. ಆರು ತಿಂಗಳು ಕಾಡಿಬೇಡಿ ನಫ್ತಾಲಿ ಅವಳನ್ನು ಒಪ್ಪಿಸಿದ್ದ.

"ನಿಮ್ಮಮ್ಮನ ಮುಖ ನೋಡಿ ಒಪ್ತಿದೀನಿ ಕಣೋ. ಇವತ್ತು ಕಾಗದ ಸಿಗದಿದ್ರೆ ಮಂಗಳವಾರ ನಮ್ಮ ರಬ್ಬಿಯಮ್ಮನೇ ಮದುವೆ ಮಾಡ್ಸೋದು," ಎಂದು ಬೆಳಿಗ್ಗೆ ಎಚ್ಚರಿಸಿದ್ದಳು.

ಕ್ಷೌರದಂಗಡಿಯ ಅವಿಗ್ದೋರ್, ಆಫೀಸಿನ ಗೆಳೆಯ ಪೆಸಾಖ್ ಇಬ್ಬರೂ ಸಾಕ್ಷಿ ಹೇಳಿ ಸಹಿ ಹಾಕಿದರು. ರಬ್ಬಿ ಎಲ್ಯಾಕೀಂ ಮುದ್ರೆ ಎತ್ತಿಕೊಂಡು, "ಹಿಂದೆ ಯಾರಿಗೂ ಉಂಗುರ ತೊಡಿಸಿಲ್ಲ ತಾನೇ?" ಎಂದು ವಾಡಿಕೆಯಂತೆ ಕೇಳಿದರು.

ಅವಿಗ್ದೋರ್‌ಗೆ ಬಾಯಿ ತಡೆಯಲಾಗಲಿಲ್ಲ. "ತೊಡ್ಸಿದಾನೆ ರಬ್ಬಿಗಳೇ! ಹೋದ ಬೇಸಿಗೇಲಿ ಬೀಚಲ್ಲಿ ಬಿಯರ್ ಡಬ್ಬಿ ಉಂಗುರಾನ ಸ್ಮಾದಾರ್ ಬೆರಳಿಗೆ ಹಾಕಿ, ಮದುವೆ ಚಪ್ಪರದಡಿ ಹೇಳೋ ಮಾತು ಒಂದಕ್ಷರ ಬಿಡದೆ ಹೇಳ್ದ. ನಕ್ಕು ನಕ್ಕು ನಂಗೂ ಪೆಸಾಖ್‌ಗೂ ಹೊಟ್ಟೆ ಹುಣ್ಣಾಯ್ತು!"

ರಬ್ಬಿ ಮುದ್ರೆ ಕೆಳಗಿಟ್ಟರು. "ಉಂಗುರ, ಮಾತು, ಇಬ್ಬರು ಸಾಕ್ಷಿ. ಶಾಸ್ತ್ರಕ್ಕೆ ಇನ್ನೇನು ಬೇಕಪ್ಪಾ? ನಿನ್ನ ಮದುವೆ ಆಗಿಹೋಗಿದೆ. ಬ್ರಹ್ಮಚಾರಿ ಅಂತ ಹ್ಯಾಗೆ ಬರೀಲಿ?"

"ಹಂಗಾದ್ರೆ ಅವಳನ್ನ ಬಿಟ್ಟು ಮತ್ತೆ ಅವಳನ್ನೇ ಕಟ್ಕೊಳ್ಲಿ," ಎಂದ ಅವಿಗ್ದೋರ್.

"ಇವರು ಕಾಟ್ಸ್ ಅಲ್ವೇನ್ರೀ, ಪುರೋಹಿತರ ವಂಶ. ಗಂಡ ಬಿಟ್ಟವಳನ್ನ ಕಟ್ಟಿಕೊಳ್ಳೋ ಹಾಗಿಲ್ಲ. ಆ ಗಂಡ ತಾನೇ ಆದ್ರೂ!" ಎಂದರು ರಬ್ಬಿ.

ನಫ್ತಾಲಿ ಬಿಳಿಚಿಕೊಂಡ. ರಬ್ಬಿ ಕೆಟ್ಟವರಲ್ಲ, ಗಡ್ಡ ನೀವಿಕೊಂಡು ಯೋಚಿಸಿ ಸಾಕ್ಷಿಗಳತ್ತ ತಿರುಗಿದರು. "ಶನಿವಾರ, ಸಬ್ಬತ್ ದಿನ ನೀವಿಬ್ಬರೂ ಏನು ಮಾಡ್ತೀರಿ?"

"ಕಾರಲ್ಲಿ ಬೀಚಿಗೆ ಹೋಗಿ ಸೀಗಡಿ ಸುಡ್ತೀವಿ," ಎಂದ ಅವಿಗ್ದೋರ್ ತಲೆತಗ್ಗಿಸಿ.

"ನಾನು ಸಿಗರೇಟೂ ಸೇದ್ತೀನಿ," ಎಂದು ಪೆಸಾಖ್ ಮೊದಲ ಬಾರಿಗೆ ಬಾಯಿಬಿಟ್ಟ.

"ಭೇಷ್!" ರಬ್ಬಿಯ ಮುಖ ಅರಳಿತು. "ಗಾಡಿ ಓಡಿಸಿ, ಬೆಂಕಿ ಹಚ್ಚಿ ಸಬ್ಬತ್ ಮುರಿಯೋರ ಸಾಕ್ಷಿ ನಡೆಯಲ್ಲ. ಆ ಮದುವೆ ಆಗೇ ಇಲ್ಲ!"

ಮೂವರೂ ತಬ್ಬಿಕೊಂಡು ಕುಣಿದರು. ರಬ್ಬಿ ಮಾತ್ರ ಅವರು ಆಗಷ್ಟೇ ಸಹಿ ಮಾಡಿದ ಕಾಗದವನ್ನು ಬೇಸರದಿಂದಲೇ ಹರಿದರು. "ಹಾಗೇ ಇದೂ ನಡೆಯಲ್ಲವಪ್ಪಾ. ಬೇರೆ ಇಬ್ಬರನ್ನ ಕರ್ಕೊಂಡು ಬಾ."

ಹೊರಗೆ ಬೆಂಚಿನ ಮೇಲೆ ಗಸಗಸೆ ಕೇಕಿನ ಡಬ್ಬಿ ಹಿಡಿದು ಕೂತು ಎಲ್ಲ ಕೇಳಿಸಿಕೊಂಡಿದ್ದ ಜ್ಲಾಟಾ ಒಳಗೆ ನುಗ್ಗಿದಳು. "ನಾನು ಹೇಳ್ತೀನಿ ಸಾಕ್ಷಿ! ಹೆತ್ತೋಳು ನಾನು. ಇವನಿಗೆ ಮದುವೆ ಇಲ್ಲ ಅಂತ ಹದಿನೈದು ವರ್ಷದಿಂದ ಅಳ್ತಿರೋಳು ನಾನು. ಒಂದು ಸಬ್ಬತ್ತೂ ಮುರಿದೋಳಲ್ಲ."

"ನಿಜ ತಾಯಿ. ಆದರೆ ಹೆಂಗಸರ ಸಾಕ್ಷಿ ನಡೆಯಲ್ಲ."

"ತಿನ್ನಬಾರದ ಸೀಗಡಿ ತಿನ್ನೋರನ್ನ ಕೂರಿಸಿ ಕೇಳಿದ್ರಿ, ನನ್ನನ್ನ ಕೇಳಲ್ವಾ?" ಜ್ಲಾಟಾ ಮಗನ ಫೋನು ಕಿತ್ತುಕೊಂಡು ಸ್ಮಾದಾರ್‌ಗೆ ಹಚ್ಚಿದಳು. ನಫ್ತಾಲಿಯ ಎದೆ ಹಗುರಾಯಿತು. ಅಮ್ಮ ರಬ್ಬಿಯಮ್ಮನ ಮದುವೆಗೆ ಒಪ್ಪಿದಳು, ಬದುಕಿದೆ ಎಂದುಕೊಂಡ.

"ಸ್ಮಾದಾರ್, ನಿನ್ನ ವಕೀಲ ಗೆಳತಿ ಇದಾಳಲ್ಲ, ಅವಳಿಗೆ ಹೇಳು. ಹೆಂಗಸರ ಸಾಕ್ಷಿ ಒಪ್ಪಲ್ವಂತೆ. ಸುಪ್ರೀಂ ಕೋರ್ಟಿಗೆ ಹೋಗೋಣ!"

"ಅತ್ತೇ! ನಾನೂ ಅರ್ಜಿ ಹಾಕ್ತೀನಿ!" ಎಂಬ ಕೂಗು ಫೋನಿನಾಚೆಗೂ ಕೇಳಿತು.

ಇಂಥ ಕೇಸು ಹತ್ತು ವರ್ಷಕ್ಕೆ ಮುಗಿದರೆ ಪುಣ್ಯ ಎಂದು ರಬ್ಬಿ ಗೊಣಗಿದರು.

"ಅಮ್ಮಾ, ಮಂಗಳವಾರದ ಮದುವೆ?" ಎಂದ ನಫ್ತಾಲಿ.

"ಯಾವ ಮದುವೆ? ನೀನು ಬ್ರಹ್ಮಚಾರಿ ಅಂತ ನಾನು ಕೋರ್ಟಲ್ಲಿ ಪ್ರಮಾಣ ಮಾಡ್ಬೇಕು. ಅಷ್ಟರೊಳಗೆ ನೀನು ಮದುವೆ ಮಾಡ್ಕೊಂಡು ಕೂತ್ರೆ, ಹೆತ್ತ ತಾಯಿ ಸಾಕ್ಷಿ ಸುಳ್ಳಾಗಲ್ವೇನೋ?"