ಪಾಸಾಗಬಾರದಿದ್ದ ಪರೀಕ್ಷೆ

"ಇವಳು ಡಿಗ್ರಿ ಮಾಡ್ಲಿಕ್ಕೆ ಸಾಧ್ಯವೇ ಇಲ್ಲ" ಎಂದು ಹೇಳಿದವರು ನನ್ನ ಸೋದರಮಾವ ಪದ್ಮಯ್ಯ. ಹೆಸರು ಹಾಕಿಯೇ ಬರೆಯುತ್ತಿದ್ದೇನೆ. ಅವರು ಇದನ್ನು ಓದುವುದಿಲ್ಲ, ಓದಿದರೂ "ಹೌದು ಹೇಳಿದ್ದೆ, ಈಗ ಎಂತ?" ಎಂದು ಕೇಳುವವರು. ಹದಿನಾಲ್ಕು ವರ್ಷ ಕಳೆದ ಮೇಲೆ "ಇವಳಿಗೆ ಆಟಿಸಂ ಇರ್ಲಿಕ್ಕೆ ಸಾಧ್ಯವೇ ಇಲ್ಲ, ಡಿಗ್ರಿ ಮಾಡಿದ್ದಾಳಲ್ಲ!" ಎಂದು ಹೇಳಿದವರೂ ಅವರೇ. ಒಬ್ಬರೇ ಮನುಷ್ಯನ ಬಾಯಲ್ಲಿ ಎರಡೆರಡು ಸಲ ಅಸಾಧ್ಯ ಅನ್ನಿಸಿಕೊಂಡ ಹೆಂಗಸು ನಮ್ಮ ಊರು ಪಂಜದ ಸುತ್ತಮುತ್ತ ನಾನೊಬ್ಬಳೇ ಇರಬೇಕು.

ಡಿಗ್ರಿ ಮಾಡಿದ್ದು ನಿಜ. ಅಪ್ಪ ಬೇರೆಯವರ ರಬ್ಬರ್ ತೋಟದಲ್ಲಿ ಮರ ಕೊರೆದು ಹಾಲಿಳಿಸುವ ಟ್ಯಾಪಿಂಗ್ ಮಾಡುತ್ತಿದ್ದವನು, ಅವ್ವ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ್ದು ಅವ್ವ ಒಬ್ಬಳೇ, ಅದೂ ಚುನಾವಣೆ ದಿನ ಅಲ್ಲಿ ಅಡುಗೆ ಮಾಡಲಿಕ್ಕೆ. ಮೂರು ವರ್ಷದ ಬಿ.ಎ.ಗೆ ನಾನು ಆರು ವರ್ಷ ತೆಗೆದುಕೊಂಡೆ. ಪಾಠ ತಲೆಗೆ ಹತ್ತದೆ ಅಲ್ಲ. ಪರೀಕ್ಷಾ ಕೊಠಡಿಯ ಫ್ಯಾನು ಕಿರುಗುಟ್ಟುತ್ತಿತ್ತು. ನಿಮಗೆ ಅದು ಫ್ಯಾನಿನ ಶಬ್ದ. ನನಗೆ ಅದು ಹಲ್ಲಿನ ಬುಡಕ್ಕೆ ಮೊಳೆ ಹೊಡೆದ ಹಾಗೆ, ಪೇಪರು ಅರ್ಧಕ್ಕೇ ಬಿಟ್ಟು ಎದ್ದು ಬರುತ್ತಿದ್ದೆ. ಕೊನೆಗೊಂದು ವರ್ಷ ಕಿವಿಗೆ ಹತ್ತಿ ತುರುಕಿಕೊಂಡು ಹೋದೆ. ಮೇಲ್ವಿಚಾರಕರು ಬಂದು ಇದೇನೋ ಹೊಸ ನಮೂನೆಯ ಕಾಪಿ ಹೊಡೆಯುವ ಯಂತ್ರ ಎಂದುಕೊಂಡು ಎರಡೂ ಕಿವಿಯಿಂದ ಹತ್ತಿ ಎಳೆದು, ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು. ಹತ್ತಿಯೇ ಎಂದು ಖಾತ್ರಿಯಾದ ಮೇಲೆ ವಾಪಸು ಕೊಟ್ಟರು. ಆ ಪೇಪರಿನಲ್ಲಿ ನನಗೆ ಎಪ್ಪತ್ತೆಂಟು.

ಉಳಿದ ನನ್ನ ಗುಣಗಳನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಮತ್ತು ಮಾವಿನಮಿಡಿ; ಇದು ಬದಲಾದರೆ ಆ ದಿನವೇ ಹಾಳು. ದಾರಿಯಲ್ಲಿ ಯಾರಾದರೂ "ಊಟ ಆಯ್ತಾ?" ಎಂದರೆ ಎಂತ ಊಟ, ಎಷ್ಟು ಗಂಟೆಗೆ ಎಂದೂ ಹೇಳುತ್ತೇನೆ. ಅವರಿಗೆ ಅದು ಬೇಡ ಎಂದು ತಿಳಿಯಲು ನನಗೆ ಇಪ್ಪತ್ತಾರು ವರ್ಷ ಬೇಕಾಯಿತು. ಬಸ್ಸಿನಲ್ಲಿ ಎಡಗಡೆಯ ನಾಲ್ಕನೆಯ ಕಿಟಕಿ ಸೀಟು ನನ್ನದು. ಅಲ್ಲಿ ಯಾರಾದರೂ ಕುಳಿತಿದ್ದರೆ ನಾನು ಮುಂದಿನ ಬಸ್ಸಿಗೆ ಕಾಯುತ್ತೇನೆ. ಕಂಡಕ್ಟರಿಗೂ ಗೊತ್ತಾಗಿದೆ. ಬಾಗಿಲಲ್ಲಿ ನೇತಾಡುತ್ತಲೇ "ಹೇಮಕ್ಕ, ನಿಮ್ಮ ಸಿಂಹಾಸನ ಖಾಲಿ ಉಂಟು ಮಾರಾಯ್ರೆ, ಬೇಗ ಹತ್ತಿ" ಎಂದು ಕೂಗುತ್ತಾನೆ. ಇಡೀ ಬಸ್ಸು ನಗುತ್ತದೆ. ನಾನು ಹತ್ತಿ ಕೂರುತ್ತೇನೆ. ಅವರ ನಗುವಿಗಿಂತ ಸೀಟು ಮುಖ್ಯ.

ಈ ಬಸ್ಸು ನನ್ನನ್ನು ಕಡಬದ ಒಂದು ಖಾಸಗಿ ಶಾಲೆಗೆ ಮುಟ್ಟಿಸುತ್ತದೆ. ಅಲ್ಲಿ ಹಳೆಯ ದಾಖಲೆಗಳ ಕೋಣೆಯಲ್ಲಿ ನಾನು ಗುಮಾಸ್ತೆ. ಮೂವತ್ತು ವರ್ಷದ ಹಿಂದೆ ಶಾಲೆ ಬಿಟ್ಟವರು ಹುಟ್ಟಿದ ದಿನಾಂಕಕ್ಕೆಂದು ಬಂದರೆ, ಹೆಸರು ಹೇಳಿ ಮುಗಿಸುವ ಮೊದಲೇ ಅವರ ಪುಟ ತೆರೆದು ಇಡುತ್ತೇನೆ. ಕಿಟಕಿ ಒಂದು, ದೂಳು ಬೇಕಾದಷ್ಟು, ಮಾತಾಡುವವರು ಯಾರೂ ಇಲ್ಲ. ಸ್ವರ್ಗದಲ್ಲಿ ಇದಕ್ಕಿಂತ ಒಳ್ಳೆಯ ಕೋಣೆ ಇದ್ದರೆ ನನಗೆ ಬೇಡ. ಕಳೆದ ವರ್ಷ ಹೊಸ ಮ್ಯಾನೇಜರು ಬಂದು "ಡಿಗ್ರಿ ಆದವರನ್ನು ದೂಳಲ್ಲಿ ಕೂರಿಸುದಾ?" ಎಂದು ನನ್ನ ಮೇಲೆ ಕರುಣೆ ತೋರಿಸಿ ಮುಂಭಾಗದ ಕೌಂಟರಿಗೆ ಹಾಕಿದರು. ತಲೆಯ ಮೇಲೆಯೇ ಶಾಲೆಯ ಗಂಟೆ, ಎದುರಿಗೆ ಫೋನು, ಅಡ್ಮಿಶನ್ನಿನ ಕಾಲ, ಕಿಟಕಿಯಾಚೆ ನಲವತ್ತು ಜನ ತಂದೆತಾಯಿ. ನಾಲ್ಕನೆಯ ದಿನ ಗಂಟೆ ಹೊಡೆದಾಗ ಎದ್ದು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿ, ಕಿವಿ ಮುಚ್ಚಿ ನೆಲದಲ್ಲಿ ಕುಳಿತೆ. ಒಂದು ಗಂಟೆ ಕಳೆದರೂ ಏಳಲಿಕ್ಕೆ ಆಗಲಿಲ್ಲ. ಹೊರಗೆ ಯಾರೋ ಅಳುತ್ತಿದ್ದಾರೆ ಅನ್ನಿಸಿತು, ನಾನೇ.

ಮ್ಯಾನೇಜರು ಕೆಟ್ಟವರಲ್ಲ. "ಒಂದೋ ಕೌಂಟರಿನಲ್ಲಿ ಕೂತುಕೊಳ್ಳಿ, ಅಲ್ಲದಿದ್ರೆ ಡಾಕ್ಟ್ರ ಕಾಗದ ತನ್ನಿ, ಕಮಿಟಿಗೆ ತೋರಿಸ್ಲಿಕ್ಕೆ ನನಗೂ ಒಂದು ಕಾರಣ ಬೇಕು. ಎರಡೂ ಆಗುದಿಲ್ಲ ಅಂದ್ರೆ ಜೂನಿನ ನಂತರ ಮನೆಯಲ್ಲೇ ಕೂರಬಹುದು" ಎಂದರು. ಯಾವ ಕಾಗದ ಎಂದು ನನಗೆ ಆಗಲೇ ಗೊತ್ತಿತ್ತು. ಅದಕ್ಕೂ ಎರಡು ವರ್ಷ ಹಿಂದೆ ವಿಶೇಷ ಮಕ್ಕಳ ಶಿಕ್ಷಕಿಯೊಬ್ಬರು ಶಾಲೆಗೆ ಬಂದಾಗ ಅವರ ಆಟಿಸಂ ತಪಾಸಣೆಯ ಫಾರಂ ಟೈಪ್ ಮಾಡಿದವಳು ನಾನು. ಮಗು ಮುಖ ನೋಡಿ ಮಾತಾಡುವುದಿಲ್ಲ, ಶಬ್ದಕ್ಕೆ ಕಿವಿ ಮುಚ್ಚುತ್ತದೆ, ವಸ್ತುಗಳನ್ನು ಸಾಲಾಗಿ ಇಡುತ್ತದೆ. ಟೈಪ್ ಮಾಡುತ್ತಾ ಮಾಡುತ್ತಾ ಕೈ ನಿಧಾನವಾಯಿತು. ಒಂದು ಪ್ರತಿ ಹೆಚ್ಚಿಗೆ ತೆಗೆದು ಪೆನ್ಸಿಲಿನಲ್ಲಿ ಗುರುತು ಹಾಕಿ ನೋಡಿದೆ. ಒಂದೇ ತೊಂದರೆ, ಮಗುವಿನ ವಯಸ್ಸು ಎಂಬಲ್ಲಿ ಮೂವತ್ತು ಎಂದು ಬರೆಯಬೇಕಾಗಿ ಬಂತು.

ಪುತ್ತೂರಿನಲ್ಲಿ ತಪಾಸಣಾ ಶಿಬಿರ ಇತ್ತು. ಮನೆಯವರೊಬ್ಬರು ಜೊತೆಗೆ ಬರಬೇಕು ಎಂದಿದ್ದರು, ಅವ್ವನನ್ನು ಕರೆದುಕೊಂಡು ಹೋದೆ. ಅಲ್ಲಿ ನಾವಿಬ್ಬರೂ ಸೇರಿ ಮಾಡಿದ ಕೆಲಸವನ್ನು ನೆನೆದರೆ ಇವತ್ತಿಗೂ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಮೊದಲು ನನ್ನ ತಪ್ಪು. ಪರೀಕ್ಷೆ ಎಂದರೆ ಪಾಸಾಗುವುದು ಎಂದಷ್ಟೇ ತಿಳಿದ ಜಾತಿ ನನ್ನದು. ಆರು ವರ್ಷ ಕಷ್ಟಪಟ್ಟು ಕಲಿತ ವಿದ್ಯೆ ಅದೊಂದೇ. ಹದಿನೈದು ದಿನ ಕನ್ನಡಿಯ ಎದುರು ತಯಾರಿ ಮಾಡಿದ್ದೆ. ಹುಬ್ಬುಗಳ ನಡುವೆ ನೋಡುವುದು, ಮೂರು ಎಣಿಸುವುದು, ಸ್ವಲ್ಪ ನಗುವುದು, ಆಚೆ ನೋಡುವುದು, ಪುನಃ ಬರುವುದು. ತಪಾಸಣೆಗೆ ಕುಳಿತ ಡಾಕ್ಟರ್ ಮೇಡಂ ಎದುರು ಒಂದೂ ತಪ್ಪದೆ ಮಾಡಿದೆ. ನನ್ನಷ್ಟು ಚಂದ ಕಣ್ಣಿಗೆ ಕಣ್ಣಿಟ್ಟು ಮಾತಾಡಿದವರು ಆ ದಿನ ಇಡೀ ಶಿಬಿರದಲ್ಲಿ ಇರಲಿಕ್ಕಿಲ್ಲ.

ಅವ್ವನದ್ದು ಬೇರೆ ಕಥೆ. ಹತ್ತು ವರ್ಷ ಅವಳು ನನ್ನನ್ನು ನೋಡಲು ಬಂದ ಗಂಡಿನ ಕಡೆಯವರ ಎದುರು ಕುಳಿತು ಉತ್ತರ ಕೊಟ್ಟವಳು. ಎದುರಿಗೆ ಕುರ್ಚಿಯಲ್ಲಿ ಕುಳಿತು ಮಗಳ ಬಗ್ಗೆ ಪ್ರಶ್ನೆ ಕೇಳುವವರು ಅವಳ ಲೆಕ್ಕದಲ್ಲಿ ಒಂದೇ ನಮೂನೆ. ನನ್ನ ತಲೆಗೆ ಮಲ್ಲಿಗೆ ಮುಡಿಸಿ, ಡಿಗ್ರಿ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದು ಮೇಜಿನ ಮೇಲೆ ಇಟ್ಟೇ ಮಾತು ಶುರು ಮಾಡಿದಳು.

"ಫ್ರೆಂಡ್ಸ್ ಇದ್ದಾರಾ ಇವರಿಗೆ?"

"ಬೇಕಾದಷ್ಟು!"

"ಸಿಟ್ಟು, ಹಟ?"

"ಎಂತ ಸಿಟ್ಟು ಮೇಡಂ, ದನದ ಹಾಗೆ. ಅಡಿಗೆ, ಹೊಲಿಗೆ ಎಲ್ಲ ಬರ್ತದೆ."

ಹೊಲಿಗೆಯ ಬಗ್ಗೆ ಯಾರೂ ಕೇಳಿರಲಿಲ್ಲ. ನನಗೆ ಬರುವುದೂ ಇಲ್ಲ. ಮೇಡಂ ಫೈಲು ಮುಚ್ಚಿ, "ಸ್ವಲ್ಪ ಟೆನ್ಶನ್, ಅಷ್ಟೆ. ಯೋಗ ಮಾಡಿ" ಎಂದರು. ಹೊರಗೆ ಬಂದದ್ದೇ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಏನೂ ಇಲ್ಲಂತೆ ಮಗ. ದೇವರು ದೊಡ್ಡವ."

"ಏನೂ ಇಲ್ಲದಿದ್ರೆ ಕೆಲಸವೂ ಇಲ್ಲ ಅವ್ವ."

ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕುಳಿತು ಮೊದಲಿಂದ ಬಿಡಿಸಿ ಹೇಳಿದೆ. ಇಲ್ಲಿ ಫೇಲಾಗಬೇಕು, ಫೇಲಾದರೆ ಮಾತ್ರ ನನ್ನ ಕೋಣೆ ನನಗೆ. ನಾನು ಕನ್ನಡಿಯಲ್ಲಿ ಕಲಿತದ್ದನ್ನು ಬಿಡುತ್ತೇನೆ, ನೀನು ಇದ್ದದ್ದನ್ನು ಹೇಳು. ಅವ್ವನ ಮುಖ ಕಪ್ಪಾಯಿತು. "ನನ್ನ ಮಗಳ ಬಗ್ಗೆ ಊರವರು ಹೇಳಿದ್ದು ಸಾಲದಾ? ಈಗ ನಾನೇ ಹೇಳ್ಬೇಕಾ?" ಎಂದು ಬಸ್ಸು ಹತ್ತಿದಳು. ದಾರಿಯಲ್ಲಿ ಸವಣೂರು ದಾಟಿದ ಮೇಲೆ "ಪುನಃ ಯಾವಾಗ ಬರ್ಲಿಕ್ಕೆ ಆಗ್ತದೆ ಕೇಳು" ಎಂದಳು.

ಮುಂದಿನ ಶಿಬಿರಕ್ಕೆ ಮಲ್ಲಿಗೆ ಇಲ್ಲದೆ, ಡಿಗ್ರಿ ಇಲ್ಲದೆ ಹೋದೆವು. ಅದೇ ಮೇಡಂ. ಮ್ಯಾನೇಜರು ಬರೆದುಕೊಟ್ಟ ಪತ್ರ ಓದಿ, ಪೆನ್ನು ಕೆಳಗಿಟ್ಟು, "ನಿಧಾನ ಹೇಳಿ ಅಮ್ಮ" ಎಂದರು. ನಾನು ಮೇಜಿನ ಮೂಲೆಯನ್ನು ನೋಡುತ್ತಾ ಕುಳಿತೆ. ಮೂವತ್ತೆರಡು ವರ್ಷದಲ್ಲಿ ಬೇರೆಯವರ ಎದುರು ಅಷ್ಟು ಆರಾಮಾಗಿ ಕುಳಿತ ನೆನಪಿಲ್ಲ. ಅವ್ವ ತನ್ನ ಕಾಲುಬೆರಳು ನೋಡುತ್ತಾ ಹೇಳಿದಳು.

"ಇವಳ ಅಪ್ಪ ತೀರಿಕೊಂಡ ದಿನ ಮೇಡಂ. ಹೆಣ ಅಂಗಳದಲ್ಲಿ. ಊರಿಡೀ ಬಂದಿತ್ತು. ಇವಳು ಒಂದು ಹನಿ ಅಳ್ಲಿಲ್ಲ. ಬಂದವರ ಚಪ್ಪಲಿ ಎಲ್ಲ ಹೆಕ್ಕಿ, ದೊಡ್ಡದರಿಂದ ಸಣ್ಣದಕ್ಕೆ, ಕೆಳಗಿನ ತೋಡಿನ ನೀರಿನ ತನಕ ಸಾಲು ಮಾಡಿ ಇಟ್ಟಿದ್ದಾಳೆ. ಕೊನೆಗೆ ಬಾಯಿಗೆ ನೀರು ಬಿಡ್ಲಿಕ್ಕೆ ಕರೆದ್ರೆ, 'ಒಂದು ನಿಮಿಷ ಅವ್ವ, ಒಂದರ ಜೋಡಿ ಸಿಗ್ತಾ ಇಲ್ಲ' ಅಂದಳು. ಎಲ್ಲರೂ ಕೇಳಿದ್ರು. ನನ್ನ ಅಣ್ಣ ಅಲ್ಲೇ ಹೇಳಿದ, ಇದು ಹೆಣ್ಣಲ್ಲ, ಕಲ್ಲು ಅಂತ. ನಾನೂ ಹಾಗೇ ಗ್ರಹಿಸಿದೆ. ತುಂಬಾ ದಿನ."

ಅವ್ವನಿಗೆ ಗೊತ್ತಿಲ್ಲದ್ದು ಒಂದಿದೆ. ಜೋಡಿ ಸಿಗದ ಆ ಚಪ್ಪಲಿ ಅಪ್ಪನದ್ದು. ಇನ್ನೊಂದು ಅವನು ಬಿದ್ದ ರಬ್ಬರ್ ತೋಟದಲ್ಲೇ ಉಳಿದಿತ್ತು, ಮರುದಿನ ನಾನೇ ಹೋಗಿ ತಂದೆ. ಆದರೆ ಇದನ್ನು ನಾನು ಅಲ್ಲಿಯೂ ಹೇಳಲಿಲ್ಲ. ಮೇಡಂ ಕೇಳಿದ್ದು ಅವ್ವನನ್ನು, ನನ್ನನ್ನಲ್ಲ.

ಕಾಗದ ಮೇ ಕೊನೆಯ ವಾರ ಸಿಕ್ಕಿತು. ಈಗ ಇದನ್ನು ದೂಳಿನ ಕೋಣೆಯಲ್ಲೇ ಕುಳಿತು, ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಆದ್ದರಿಂದ ನನ್ನ ಬಗ್ಗೆ ಚಿಂತೆ ಬೇಡ. ಆ ದಿನ ಪುತ್ತೂರಿನ ಕೌಂಟರಿನಲ್ಲಿ ಗುಮಾಸ್ತರು ಸರ್ಟಿಫಿಕೇಟನ್ನು ಕೈಗಿತ್ತು "ಸಹಿ ಮಾಡಿ" ಎಂದರು. ಓದದೆ ಸಹಿ ಮಾಡುವವಳಲ್ಲ ನಾನು. ಹೆಸರಿನಿಂದ ಹಿಡಿದು ಸೀಲಿನ ಒಳಗಿನ ಅಕ್ಷರದವರೆಗೆ ಓದುತ್ತಾ ನಿಂತೆ. ಹಿಂದಿನಿಂದ ಯಾರೋ "ಎಂತ ಮಾರಾಯ್ರೆ, ಪಂಚಾಂಗವಾ?" ಎಂದರು. ವೈಕಲ್ಯ ಶೇಕಡಾ ಎಷ್ಟು ಎಂದು ಬರೆದ ಜಾಗಕ್ಕೆ ಬಂದಾಗ ಮನಸ್ಸಿಗೆ ಸ್ವಲ್ಪ ಪೆಟ್ಟಾಯಿತು. ಪೂರ್ತಿ ಬರೆದು ಎದ್ದ ಪರೀಕ್ಷೆಯಲ್ಲಿ ನನಗೆ ಅಷ್ಟು ಕಡಿಮೆ ಪರ್ಸೆಂಟು ಬಂದದ್ದು ಅದೇ ಮೊದಲು.

ಸಹಿ ಮಾಡಿ ಅವ್ವನ ಕೈಗೆ ಕೊಟ್ಟೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ತುಂಬಾ ಹೊತ್ತು ನೋಡಿದಳು, ನನ್ನ ಫೋಟೋದ ಮೇಲೆ ಬೆರಳಾಡಿಸಿದಳು.

"ಇದು ನಿನ್ನ ಏಳು ವರ್ಷದಲ್ಲಿ ಯಾರಾದ್ರೂ ಕೊಟ್ಟಿದ್ರೆ," ಎಂದಳು, "ಮುಖ ನೋಡಿ ಮಾತಾಡು ಅಂತ ನಾನು ನಿನಗೆ ಅಷ್ಟು ಹೊಡೀತಿರ್ಲಿಲ್ಲ ಮಗ."

ಬೇರೆ ಯಾವ ಮಗಳಾದರೂ ಅಲ್ಲಿ ತಾಯಿಯ ಕೈ ಹಿಡಿಯುತ್ತಿದ್ದಳು, ಇಲ್ಲವೇ ಸುಮ್ಮನಿರುತ್ತಿದ್ದಳು. ಹೀಗೆ ಮಾಡಬೇಕೆಂದು ನನಗೆ ಹೊಳೆದದ್ದು ಮನೆಗೆ ಮುಟ್ಟಿದ ಮೇಲೆ. ಅಲ್ಲಿ ನಿಂತು ನಾನು ಮಾಡಿದ್ದು ತಪ್ಪು ತಿದ್ದುವ ಕೆಲಸ.

"ಏಳರಲ್ಲಿ ಅಲ್ಲ ಅವ್ವ. ಶುರುವಾದದ್ದು ಆರರಲ್ಲಿ."

ಅವ್ವ ಕಾಗದವನ್ನು ಎರಡೂ ಕೈಯಿಂದ ಹಿಡಿದುಕೊಂಡೇ ತಲೆಯಾಡಿಸಿದಳು.

"ಹೌದು, ಆರು. ನನಗೂ ನೆನಪುಂಟು."